ಸರೋವರದೊಳಗಿನ ಕೌರವ

ಅಮೆರಿಕದಲ್ಲಿರುವ ನನ್ನ ಅಕ್ಕನ ಮಗಳು ಅಡಿಕೆ ಕೊಯ್ಲು ಮುಗಿಯುವ ಹೊತ್ತಿಗೆ ಶಿರಸಿಗೆ ಬಂದಿದ್ದಳು. ಬ್ರಾಡ್‌ವೇಯಲ್ಲಿ ‘ವಿಕೆಡ್’ ಎಂಬ ಸಂಗೀತ ನಾಟಕವನ್ನು ನೋಡಿದ್ದ ಅವಳು ಎರಡು ದಿನ ಅದರ ಮಾತನ್ನೇ ಆಡಿದಳು. 1900ರಲ್ಲಿ ಪ್ರಕಟವಾದ ಮಕ್ಕಳ ಕಥೆಯೊಂದರಲ್ಲಿ ಒಂದು ಬಕೆಟ್ ನೀರಿಗೆ ಕರಗಿಹೋಗುವ ದುಷ್ಟ ಮಾಟಗಾತಿಯನ್ನು, 2003ರಲ್ಲಿ ರಂಗಕ್ಕೆ ಬಂದ ಈ ನಾಟಕ, ಹಸಿರು ಮೈಬಣ್ಣದಿಂದಾಗಿ ಹುಟ್ಟಿನಿಂದಲೇ ಎಲ್ಲರ ತಿರಸ್ಕಾರ ಉಂಡ ಹುಡುಗಿಯನ್ನಾಗಿ ಕಾಣಿಸುತ್ತದಂತೆ. “ಖಳನ ಕಡೆಯಿಂದ ಕಥೆ ಹೇಳೋದು ನಮ್ಮಲ್ಲಿ ಇಲ್ಲೆ ಅಲ್ದಾ ಮಾವ?” ಎಂದು ಅವಳು ಕೇಳಿದಾಗ ನಾನು ವಾದಕ್ಕಿಳಿಯದೆ, ಆ ಶನಿವಾರ ರಾತ್ರಿ ಹೊನ್ನಾವರದ ಕಡೆ ನಡೆದ ಗದಾಯುದ್ಧದ ಯಕ್ಷಗಾನ ಆಟಕ್ಕೆ ಕರೆದೊಯ್ದೆ.

ತನ್ನವರನ್ನೆಲ್ಲ ಕಳೆದುಕೊಂಡ ಕೌರವ ವೈಶಂಪಾಯನ ಸರೋವರದಲ್ಲಿ ಅಡಗಿರುತ್ತಾನೆ. ಆ ಆಟದಲ್ಲಿ ಸರೋವರವೆಂದರೆ ಇಬ್ಬರು ಹುಡುಗರು ಎದೆಮಟ್ಟಕ್ಕೆ ಹಿಡಿದಿದ್ದ ನೀಲಿ ಬಟ್ಟೆ. ಅವರಲ್ಲೊಬ್ಬ ತೂಕಡಿಸುತ್ತಿದ್ದುದರಿಂದ ನೀರು ಆಗಾಗ ಒಂದು ಬದಿಗೆ ಇಳಿಯುತ್ತಿತ್ತು. ಭೀಮ ದಡದಲ್ಲಿ ನಿಂತು ಹಂಗಿಸುವಷ್ಟು ಹೊತ್ತೂ ಚಂಡೆ ಅಬ್ಬರಿಸಿತು. ಕೌರವನ ಪದ್ಯ ಬಂದಾಗ ಭಾಗವತರು ಕೈಸನ್ನೆಯಿಂದ ಚಂಡೆಯನ್ನು ನಿಲ್ಲಿಸಿ, ಮದ್ದಳೆಯೊಂದನ್ನೇ ಜೊತೆಗಿಟ್ಟುಕೊಂಡು, ಒಂದೇ ಸಾಲನ್ನು ಮತ್ತೆ ಮತ್ತೆ ಬೇರೆ ಬೇರೆ ಬಗೆಯಲ್ಲಿ ಹಾಡಿದರು. ವೇಷಧಾರಿ ಏಳಲಿಲ್ಲ, ಕುಣಿಯಲಿಲ್ಲ. ಬಟ್ಟೆಯ ಮೇಲೆ ಕಾಣುತ್ತಿದ್ದ ಕಿರೀಟ ಮಾತ್ರ ಪ್ರತಿ ಸಾರಿಯೂ ಒಂದಿಷ್ಟು ಬಾಗಿ, ಕೊನೆಗೆ ಸಟ್ಟನೆ ನೆಟ್ಟಗಾಯಿತು. ನನ್ನ ಹಿಂದೆ ಕುಳಿತಿದ್ದ ಅಜ್ಜಿಯೊಬ್ಬರು, “ಪಾಪ, ಅಷ್ಟೊತ್ತಿಂದ ನೀರಲ್ಲಿದ್ದ, ಥಂಡಿ ಆಗ್ತಿಲ್ಯನ ಅವಂಗೆ?” ಎಂದರು.

ಆ ‘ಪಾಪ’ಕ್ಕೆ ಸಾವಿರ ವರ್ಷದ ಹಿನ್ನೆಲೆಯಿದೆ. ಹತ್ತನೆಯ ಶತಮಾನದ ರನ್ನ ತನ್ನ ಒಡೆಯ ಸತ್ಯಾಶ್ರಯನನ್ನು ಭೀಮನಿಗೆ ಸಮೀಕರಿಸಿ ಕಾವ್ಯ ಬರೆದವನು, ಅಂದರೆ ಭೀಮನನ್ನು ಗೆಲ್ಲಿಸಲೇಬೇಕಾದ ಕವಿ. ಆದರೂ ಹೆಣಗಳ ನಡುವೆ ನಡೆದು ಬರುವ ಅವನ ದುರ್ಯೋಧನ, ಶತ್ರುವಿನ ಮಗನಾದ ಅಭಿಮನ್ಯುವಿನ ಶವದೆದುರು ನಿಂತು, ಇಂಥ ಸಾವು ತನಗೂ ಬರಲಿ ಎಂದು ಹಾರೈಸುತ್ತಾನೆ. ತಾನು ಕಾದುವುದು ನೆಲಕ್ಕಲ್ಲ, ಛಲಕ್ಕೆ ಎನ್ನುತ್ತಾನೆ.

ಯಕ್ಷಗಾನದಲ್ಲಿ ಈ ಕೆಲಸ ಇನ್ನೊಂದು ದಾರಿಯಿಂದ ನಡೆಯುತ್ತದೆ. ಪ್ರಸಂಗಕರ್ತ ಬರೆದಿಟ್ಟಿರುವುದು ಪದ್ಯಗಳನ್ನು. ಅವುಗಳಿಗೆ ಹೇಳುವ ಅರ್ಥ, ಅಂದರೆ ವೇಷಧಾರಿ ಆಡುವ ಮಾತು, ಕಲಾವಿದನದು, ಅದೂ ಆ ರಾತ್ರಿಯದು. ಅಮೆರಿಕದವರು ಮಾಟಗಾತಿಯ ಮಾತು ಕೇಳಿಸಲು ಕಥೆಯನ್ನೇ ಹೊಸದಾಗಿ ಕಟ್ಟಬೇಕಾಯಿತು. ಇಲ್ಲಿ ಕೌರವನ ತೊಡೆ ಮುರಿಯುವುದು ತಪ್ಪುವುದಿಲ್ಲ, ಆದರೆ ಅದಕ್ಕೆ ಮೊದಲು ಅವನಿಗೆ ಹೇಳುವುದಕ್ಕಿರುವುದನ್ನೆಲ್ಲ ಹೇಳಲು ಅವಕಾಶವಿದೆ. ನಮ್ಮ ಕರಾವಳಿಯ ಜನ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನೂ ಭಸ್ಮಾಸುರನನ್ನೂ ನೋಡಲೆಂದೇ ನಿದ್ದೆಗೆಟ್ಟವರು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ಊರಿನವರು ಮೊದಲು ನೆನೆದದ್ದೂ ಇಂಥ ವೇಷಗಳನ್ನೇ.

ಆದರೆ ಈ ಅವಕಾಶ ಕೆಡುವುದೂ ಉಂಟು. ಕೆಲವು ವರ್ಷಗಳ ಹಿಂದೆ ನಾನು ನೋಡಿದ ಒಂದು ಆಟದಲ್ಲಿ, ಕೌರವನ ವೇಷಧಾರಿ ಯುದ್ಧಕ್ಕೆಲ್ಲ ದ್ರೌಪದಿಯ ನಗುವೇ ಕಾರಣವೆಂದು ಅರ್ಧ ಗಂಟೆ ಸಾಧಿಸಿ ಚಪ್ಪಾಳೆ ಗಿಟ್ಟಿಸಿಕೊಂಡರು. ಅಲ್ಲಿ ಕೌರವ ದೊಡ್ಡವನಾಗಲಿಲ್ಲ, ಜಗಳಗಂಟ ದಾಯಾದಿಯಾದ. ಈ ಸಲದವರು ಸೀರೆ ಎಳೆಸಿದ್ದನ್ನು ಕೌರವನ ಬಾಯಿಂದಲೇ ಒಪ್ಪಿಸಿದರು. “ಹೌದು, ಎಳೆಸಿದೆ. ಅದಕ್ಕೆ ದುಶ್ಶಾಸನನನ್ನು ತೆತ್ತೆ,” ಎಂದು ಒಂದೇ ಉಸಿರಿನಲ್ಲಿ ಹೇಳಿ ಸುಮ್ಮನಾದಾಗ, ಭೀಮನ ವೇಷದವರಿಗೂ ಮರುಮಾತು ಕೂಡಲೇ ಹೊಳೆಯಲಿಲ್ಲ. ನನ್ನ ಮಟ್ಟಿಗೆ ಆ ರಾತ್ರಿಯ ಆಟವೆಂದರೆ ಅದೊಂದು ಮೌನ.

ಬೆಳಗಿನ ಜಾವ, ವೇಷ ಕಟ್ಟುವ ಚೌಕಿಗೆ ಹೋದಾಗ ಕೌರವನ ವೇಷದವರು ಗೆಜ್ಜೆ ಬಿಚ್ಚಿಟ್ಟು, ಕಾಲು ಚಾಚಿ ಕುಳಿತು, ಮುಖಕ್ಕೆ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದರು. ಭೀಮ ಅವರಿಗೆ ಚಹಾದ ಲೋಟ ತಂದುಕೊಟ್ಟರು. ನನ್ನ ಅಕ್ಕನ ಮಗಳು ಏನೂ ಕೇಳದೆ ಆ ಚಾಚಿದ ಕಾಲನ್ನೇ ನೋಡುತ್ತ ನಿಂತಿದ್ದಳು.