ಕ್ರಿಸ್ ಸ್ಕ್ವೈರ್: ಹಾಡು ಕಲಿತು ಬೇಸ್ ಹಿಡಿದವರು

ರಾಕ್ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುವವರು ಸಾಮಾನ್ಯವಾಗಿ ಡ್ರಮ್ಸ್ ಪಕ್ಕದಲ್ಲಿ ನಿಂತು, ಮಂದ್ರದ ಕೆಲವೇ ಸ್ವರಗಳಲ್ಲಿ ಲಯಕ್ಕೆ ಆಸರೆ ಕೊಡುತ್ತಾರೆ. ಇಂಗ್ಲೆಂಡಿನ ರಾಕ್ ಬ್ಯಾಂಡ್ ‘ಯೆಸ್’ನ ಕ್ರಿಸ್ ಸ್ಕ್ವೈರ್ ಹಾಗೆ ನುಡಿಸಿದವರಲ್ಲ. ಗಾಯಕ ಜಾನ್ ಆಂಡರ್ಸನ್ ಒಂದು ದಾರಿ ಹಿಡಿದಿದ್ದರೆ ಸ್ಕ್ವೈರ್ ಬೇಸ್ ಇನ್ನೊಂದು ದಾರಿಯಲ್ಲಿ ತನ್ನದೇ ಹಾಡನ್ನು ಹಾಡುತ್ತಾ ಹೋಗಿ, ಸರಿಯಾದ ಜಾಗದಲ್ಲಿ ಬಂದು ಸೇರಿಕೊಳ್ಳುತ್ತಿತ್ತು. ಇದರ ಮೂಲ ಅವರು ಬಾಲ್ಯದಲ್ಲಿ ಹಾಡಿದ ಚರ್ಚಿನ ಗಾಯನವೃಂದದಲ್ಲಿದೆ ಎಂಬುದು ನನ್ನ ದೃಢವಾದ ನಂಬಿಕೆ.

1948ರ ಮಾರ್ಚ್ 4ರಂದು ಲಂಡನ್ನಿನ ಕಿಂಗ್ಸ್‌ಬರಿಯಲ್ಲಿ ಹುಟ್ಟಿದ ಸ್ಕ್ವೈರ್, ಅಲ್ಲಿನ ಸೇಂಟ್ ಆಂಡ್ರ್ಯೂಸ್ ಚರ್ಚಿನಲ್ಲಿ ಬ್ಯಾರಿ ರೋಸ್ ಅವರ ಮಾರ್ಗದರ್ಶನದಲ್ಲಿ ಹಾಡಿದರು. ಅಂಥ ವೃಂದದಲ್ಲಿ ಪ್ರತಿಯೊಂದು ಸ್ಥಾಯಿಯವರಿಗೂ ಬೇರೆ ಬೇರೆ ಸಾಲು. ಅತಿ ಕೆಳಗಿನ ಸಾಲೂ ಒಂದು ಪೂರ್ಣವಾದ ರಾಗವೇ. ಉದ್ದ ಕೂದಲಿಗಾಗಿ 1964ರಲ್ಲಿ ಶಾಲೆಯವರು ಅಮಾನತುಗೊಳಿಸಿದಾಗ ಅವರು ಓದಿಗೆ ಮರಳಲೇ ಇಲ್ಲ. ವಾದ್ಯಗಳ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿ, 1965ರಲ್ಲಿ ನೌಕರರಿಗೆ ಸಿಗುವ ರಿಯಾಯಿತಿಯಲ್ಲಿ ರಿಕನ್‌ಬ್ಯಾಕರ್ ಕಂಪನಿಯ ಒಂದು ಬೇಸ್ ಕೊಂಡರು. ಮುಂದೆ ಜೀವನದುದ್ದಕ್ಕೂ ಅದೇ ಅವರ ಮುಖ್ಯ ವಾದ್ಯವಾಯಿತು. 1967ರಲ್ಲಿ ಎಲ್‌ಎಸ್‌ಡಿ ಎಂಬ ಮಾದಕ ದ್ರವ್ಯದ ಸೇವನೆಯಿಂದ ಆಸ್ಪತ್ರೆ ಸೇರಿದ ಮೇಲೆ, ಅವರು ತಿಂಗಳುಗಟ್ಟಲೆ ಮನೆಯಿಂದ ಹೊರಬೀಳದೆ ಆ ವಾದ್ಯದ ಸಾಧನೆಯಲ್ಲೇ ಮುಳುಗಿದ್ದರು.

ಅವರ ನಾದದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ರಿಕನ್‌ಬ್ಯಾಕರಿನಲ್ಲಿ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಎರಡು ಪಿಕಪ್‌ಗಳಿದ್ದು, ಎರಡರ ಧ್ವನಿಯನ್ನೂ ಬೇರೆಬೇರೆಯಾಗಿ ಹೊರತೆಗೆಯಲು ಸಾಧ್ಯವಿತ್ತು. ಸ್ಕ್ವೈರ್ ಮಂದ್ರದ ಧ್ವನಿಯನ್ನು ಶುದ್ಧವಾಗಿ ಉಳಿಸಿಕೊಂಡು, ಮೇಲಿನ ಧ್ವನಿಯನ್ನು ಮಾತ್ರ ಗಿಟಾರಿನಂತೆ ಒರಟುಗೊಳಿಸಿ ಬೇರೆ ಆಂಪ್ಲಿಫೈಯರಿಗೆ ಕಳಿಸುತ್ತಿದ್ದರು. ಲೋಹದ ಸುತ್ತು ತಂತಿಗಳನ್ನು ಗಟ್ಟಿಯಾದ ಪಿಕ್‌ನಿಂದ ಮೀಟುತ್ತಿದ್ದುದರಿಂದ ಒಂದೊಂದು ಸ್ವರವೂ ಅಂಚು ಕಟ್ಟಿದಂತೆ ಸ್ಪಷ್ಟವಾಗಿ ಕೇಳುತ್ತಿತ್ತು. ‘ದ ಹೂ’ ಬ್ಯಾಂಡಿನ ಬೇಸ್ ವಾದಕ ಜಾನ್ ಎಂಟ್ವಿಸಲ್ ಅವರ ಪ್ರಭಾವ ಇಲ್ಲಿ ಕಾಣುತ್ತದೆ. ಆದರೆ ಈ ಅಬ್ಬರದೊಳಗೂ ಹಾಡುಗಾರಿಕೆಯನ್ನು ಉಳಿಸಿಕೊಂಡದ್ದು ಸ್ಕ್ವೈರ್ ಅವರ ಹೆಚ್ಚುಗಾರಿಕೆ.

1968ರಲ್ಲಿ ಲಂಡನ್ನಿನ ಸೋಹೋದ ಒಂದು ಕ್ಲಬ್ಬಿನಲ್ಲಿ ಆಂಡರ್ಸನ್ ಪರಿಚಯವಾಗಿ ಯೆಸ್ ಹುಟ್ಟಿತು. 1971ರ ‘ಫ್ರಾಜೈಲ್’ ಆಲ್ಬಮ್ಮಿನ ‘ರೌಂಡಬೌಟ್’ ಹಾಡನ್ನು ಬೇಸ್‌ಗಾಗಿ ಮಾತ್ರ ಕೇಳಿ ನೋಡಿ. ಹಾಡನ್ನು ಮುಂದಕ್ಕೆ ಎಳೆದೊಯ್ಯುತ್ತಿರುವುದು ಯಾವುದೆಂದು ತಾನಾಗಿ ತಿಳಿಯುತ್ತದೆ. ಅದೇ ಆಲ್ಬಮ್ಮಿನ ‘ದ ಫಿಶ್’ನಲ್ಲಿ ಅವರು ಬೇಸ್‌ನ ಹಲವು ಧ್ವನಿಗಳನ್ನು ಒಂದರ ಮೇಲೊಂದು ಪೇರಿಸಿದ್ದಾರೆ. ಆ ಹೆಸರು ಅವರದೇ ಅಡ್ಡಹೆಸರು: ಸ್ನಾನದ ತೊಟ್ಟಿಯಲ್ಲಿ ಗಂಟೆಗಟ್ಟಲೆ ಕಳೆಯುತ್ತಿದ್ದ ಅವರನ್ನು ಜೊತೆಯವರು ಮೀನು ಎಂದು ಕರೆಯುತ್ತಿದ್ದರು.

1975ರ ಅವರ ಏಕವ್ಯಕ್ತಿ ಆಲ್ಬಮ್ ‘ಫಿಶ್ ಔಟ್ ಆಫ್ ವಾಟರ್’ ನನಗೆ ಎಲ್ಲಕ್ಕಿಂತ ಪ್ರಿಯವಾದುದು. ಇದರಲ್ಲಿ ವಾದ್ಯವೃಂದವಿದೆ, ಬಿಲ್ ಬ್ರೂಫರ್ಡ್ ಅವರ ಡ್ರಮ್ಸ್ ಇದೆ, ಜೊತೆಗೆ ಬಾಲ್ಯದ ಗುರು ಬ್ಯಾರಿ ರೋಸ್ ನುಡಿಸಿದ ಪೈಪ್ ಆರ್ಗನ್ ಇದೆ. ಚರ್ಚಿನ ಸಂಗೀತವೂ ರಾಕ್ ಸಂಗೀತವೂ ಇವರೊಳಗೆ ಎಂದೂ ಬೇರೆಯಾಗಿರಲಿಲ್ಲ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಎಂಬತ್ತರ ದಶಕದ ಹೊಸ ಯೆಸ್ ಅನೇಕ ಹಳೆಯ ಅಭಿಮಾನಿಗಳಿಗೆ ರುಚಿಸಲಿಲ್ಲ. ಆದರೂ ‘ಓನರ್ ಆಫ್ ಎ ಲೋನ್ಲಿ ಹಾರ್ಟ್’ 1984ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಗಾಯಕರು, ಗಿಟಾರ್ ವಾದಕರು, ಕೀಬೋರ್ಡ್ ವಾದಕರು ಬಂದು ಹೋಗುತ್ತಿದ್ದರೂ, 2014ರ ‘ಹೆವನ್ ಅಂಡ್ ಅರ್ಥ್’ವರೆಗೆ ಯೆಸ್‌ನ ಪ್ರತಿಯೊಂದು ಸ್ಟುಡಿಯೋ ಆಲ್ಬಮ್ಮಿನಲ್ಲೂ ಇದ್ದವರು ಸ್ಕ್ವೈರ್ ಒಬ್ಬರೇ.

ರಕ್ತದ ಕ್ಯಾನ್ಸರ್ ಇರುವುದು 2015ರ ಮೇ ತಿಂಗಳಲ್ಲಿ ಪ್ರಕಟವಾಯಿತು. ಜೂನ್ 27ರಂದು ಅರಿಜೋನಾದ ಫೀನಿಕ್ಸ್ ನಗರದಲ್ಲಿ, 67ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅವರ ಜಾಗದಲ್ಲಿ ನುಡಿಸುವ ಹೊಣೆ ಬಹುಕಾಲದ ಒಡನಾಡಿ ಬಿಲ್ಲಿ ಶೆರ್ವುಡ್ ಅವರಿಗೆ ಬಂತು. 2017ರಲ್ಲಿ ಯೆಸ್‌ಗೆ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಸಂದಾಗ ‘ರೌಂಡಬೌಟ್’ಗೆ ಬೇಸ್ ನುಡಿಸಿದವರು ರಶ್ ಬ್ಯಾಂಡಿನ ಗೆಡ್ಡಿ ಲೀ. ಸ್ಕ್ವೈರ್ ಅವರನ್ನು ಕೇಳುತ್ತಲೇ ಬೆಳೆದ ವಾದಕರವರು. ಆ ಕೆಲಸಕ್ಕೆ ಅವರಿಗಿಂತ ತಕ್ಕವರು ಸಿಗುತ್ತಿರಲಿಲ್ಲ.