ಮೋಸದ ಜಾಹೀರಾತಿಗೆ ದುಡ್ಡು ಪಡೆದವರು

ತಮ್ಮ ಹೆಸರು ಮತ್ತು ಮುಖ ಬಳಸಿ ಪ್ರಚಾರವಾಗುತ್ತಿರುವ ಟ್ರೇಡಿಂಗ್ ಆ್ಯಪ್‌ಗಳಿಗೂ ತಮಗೂ ಯಾವ ಸಂಬಂಧವೂ ಇಲ್ಲವೆಂದು ನಾರಾಯಣ ಮೂರ್ತಿಯವರು 2023ರ ಡಿಸೆಂಬರ್‌ನಲ್ಲೇ ಎಕ್ಸ್‌ನಲ್ಲಿ ಬರೆದಿದ್ದರು. ಅದಾಗಿ ವರ್ಷ ತುಂಬುವ ಮೊದಲೇ, ಅಂಥದೇ ನಕಲಿ ವಿಡಿಯೊ ನಂಬಿ ಬೆಂಗಳೂರಿನ ಇಬ್ಬರು ಒಟ್ಟು 80 ಲಕ್ಷ ರೂಪಾಯಿಗೂ ಹೆಚ್ಚು ಕಳೆದುಕೊಂಡ ಸುದ್ದಿ ಬಂತು. ಈ ನಡುವೆ ಸಚಿನ್ ತೆಂಡೂಲ್ಕರ್ ತಮ್ಮ ಮುಖ ಬಳಸಿದ ವಿಡಿಯೊ ನಕಲಿ ಎಂದರು. ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ ತನ್ನ ಮುಖ್ಯಸ್ಥರ ನಕಲಿ ವಿಡಿಯೊ ಕುರಿತು ಎಚ್ಚರಿಸಿತು, ರಿಸರ್ವ್ ಬ್ಯಾಂಕ್ ಕೂಡ ತನ್ನ ಗವರ್ನರ್ ಪರವಾಗಿ ಅದೇ ಕೆಲಸ ಮಾಡಬೇಕಾಯಿತು. ಮುಖ ಕಳುವಾದವರು ಎಚ್ಚರಿಸುತ್ತಾರೆ, ಪೊಲೀಸರು ಎಚ್ಚರಿಸುತ್ತಾರೆ, ಬ್ಯಾಂಕಿನವರು ದಿನಕ್ಕೊಂದು ಸಂದೇಶ ಕಳಿಸುತ್ತಾರೆ. ಆ ವಿಡಿಯೊವನ್ನು ನಮ್ಮ ಕಣ್ಣ ಮುಂದೆ ತಂದು ನಿಲ್ಲಿಸಲು ದುಡ್ಡು ಎಣಿಸಿಕೊಂಡ ಕಂಪನಿಯ ಹೆಸರು ಮಾತ್ರ ಈ ಎಚ್ಚರಿಕೆಗಳಲ್ಲಿ ಕಾಣಸಿಗುವುದು ಅಪರೂಪ.

ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ಕಳೆದ ವರ್ಷ ಇಂಥದೊಂದು ಜಾಹೀರಾತನ್ನು ನನಗೆ ತೋರಿಸಿದರು. ಸುಧಾ ಮೂರ್ತಿಯವರು ಸೀರೆಯುಟ್ಟು ಕುರ್ಚಿಯಲ್ಲಿ ಕುಳಿತು, ಇಪ್ಪತ್ತೊಂದು ಸಾವಿರ ರೂಪಾಯಿ ಕಟ್ಟಿದರೆ ತಿಂಗಳಿಗೆ ಲಕ್ಷಗಟ್ಟಲೆ ಬರುತ್ತದೆ ಎನ್ನುತ್ತಿದ್ದರು. ತುಟಿಯ ಚಲನೆ ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು. ಆದರೆ ಅವರ ಮಾತಿನಲ್ಲಿ ಸದಾ ಇರುವ ಹುಬ್ಬಳ್ಳಿ ಕಡೆಯ ಧಾಟಿ ಎಲ್ಲಿಯೂ ಇರಲಿಲ್ಲ, ಸರ್ಕಾರಿ ಸುತ್ತೋಲೆಯನ್ನು ಯಾರೋ ಗಟ್ಟಿಯಾಗಿ ಓದಿದಂತಿತ್ತು. “ಸುಧಮ್ಮನೇ ಹೇಳ್ತಿದ್ದಾರಲ್ಲಪ್ಪಾ, ಅವರ್ಯಾಕೆ ಸುಳ್ಳು ಹೇಳ್ತಾರೆ?” ಎಂದು ಮೇಷ್ಟ್ರು ಕೇಳಿದರು. ಅವರ ತರ್ಕದಲ್ಲಿ ತಪ್ಪೇನೂ ಇರಲಿಲ್ಲ, ಏಕೆಂದರೆ ಸುಧಾ ಮೂರ್ತಿಯವರು ಸುಳ್ಳು ಹೇಳುವವರಲ್ಲ ಎಂಬ ನಂಬಿಕೆಯನ್ನೇ ಕಳ್ಳರು ಬಂಡವಾಳ ಮಾಡಿಕೊಂಡಿದ್ದರು. ಜಾಹೀರಾತನ್ನು ಒತ್ತಿದರೆ ಪ್ರಸಿದ್ಧ ದಿನಪತ್ರಿಕೆಯ ಪುಟದಂತೆಯೇ ಕಾಣುವ ಒಂದು ‘ಸುದ್ದಿ’ ತೆರೆದುಕೊಳ್ಳುತ್ತಿತ್ತು, ಅದರ ಕೊನೆಯಲ್ಲಿ ಹೆಸರು ಮತ್ತು ಮೊಬೈಲ್ ಸಂಖ್ಯೆ ತುಂಬುವ ಜಾಗವಿತ್ತು. ನಾನು ಅಲ್ಲೇ ಕುಳಿತು ಆ ಜಾಲತಾಣಕ್ಕೆ ದೂರು ಕೊಟ್ಟೆ. ಜಾಹೀರಾತು ತಮ್ಮ ಮಾನದಂಡಗಳನ್ನು ಉಲ್ಲಂಘಿಸಿಲ್ಲ ಎಂಬ ಸಿದ್ಧ ಉತ್ತರ ಬಂತು.

ಹೆಸರು, ಸಂಖ್ಯೆ ತುಂಬಿದ ಮೇಲೆ ನಡೆಯುವುದು ಬಹುತೇಕ ಒಂದೇ ಕಥೆ. ‘ಮ್ಯಾನೇಜರ್’ ಒಬ್ಬ ಕರೆ ಮಾಡುತ್ತಾನೆ, ಆ್ಯಪ್‌ನ ಪರದೆಯಲ್ಲಿ ಲಾಭ ಏರುತ್ತಾ ಹೋಗುತ್ತದೆ, ನಂಬಿಕೆ ಕುದುರಲೆಂದು ಒಂದಿಷ್ಟು ಹಣ ವಾಪಸೂ ಬರುತ್ತದೆ. ದೊಡ್ಡ ಮೊತ್ತ ಹಾಕಿ ತೆಗೆಯಲು ಹೋದಾಗ ತೆರಿಗೆ, ಶುಲ್ಕ ಎಂದು ಮತ್ತಷ್ಟು ಕಟ್ಟಿಸಿಕೊಳ್ಳುತ್ತಾರೆ. ಸೈಬರ್ ವಂಚನೆಯಿಂದ ಭಾರತೀಯರು 2024ರಲ್ಲಿ ಕಳೆದುಕೊಂಡದ್ದು 22,845 ಕೋಟಿ ರೂಪಾಯಿ ಎಂದು ಕೇಂದ್ರ ಸರ್ಕಾರವೇ ಲೋಕಸಭೆಗೆ ತಿಳಿಸಿದೆ. ಹಿಂದಿನ ವರ್ಷ ಅದು 7,465 ಕೋಟಿಯಾಗಿತ್ತು. ಇದೆಲ್ಲವೂ ಜಾಹೀರಾತಿನಿಂದ ಆದ ನಷ್ಟವಲ್ಲ ನಿಜ, ಆದರೆ ಹೂಡಿಕೆಯ ಹೆಸರಿನ ಮೋಸಕ್ಕೆ ಜನರನ್ನು ಸೆಳೆದು ತರುವ ಬಾಗಿಲುಗಳಲ್ಲಿ ಜಾಹೀರಾತೂ ಒಂದು.

ಕಂಪನಿಗಳಿಗೆ ಇದು ಗೊತ್ತಿಲ್ಲದೆ ನುಸುಳುತ್ತಿದೆ ಎಂದು ನಂಬುವುದು 2025ರ ನವೆಂಬರ್ ನಂತರ ಕಷ್ಟ. ರಾಯಿಟರ್ಸ್ ಸುದ್ದಿಸಂಸ್ಥೆ ಆಗ ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗಳ ಒಡೆತನವಿರುವ ಮೆಟಾ ಕಂಪನಿಯ ಆಂತರಿಕ ದಾಖಲೆಗಳನ್ನು ಹೊರಗೆಳೆಯಿತು. 2024ರ ಆದಾಯದಲ್ಲಿ ಸುಮಾರು ಶೇ 10ರಷ್ಟು, ಅಂದರೆ 1,600 ಕೋಟಿ ಡಾಲರ್, ವಂಚನೆಯ ಮತ್ತು ನಿಷೇಧಿತ ಸರಕುಗಳ ಜಾಹೀರಾತುಗಳಿಂದ ಬರಬಹುದೆಂದು ಕಂಪನಿಯೊಳಗೇ ಅಂದಾಜು ಮಾಡಲಾಗಿತ್ತು. ರೂಪಾಯಿಯಲ್ಲಿ ಲೆಕ್ಕ ಹಾಕಿದರೆ ಅದು ಕರ್ನಾಟಕದ 2025-26ರ ಬಜೆಟ್‌ನ ಸುಮಾರು ಮೂರನೇ ಒಂದು ಭಾಗ. ಆ ಅಂದಾಜು ಒರಟಾದದ್ದು, ವರದಿ ಏಕಪಕ್ಷೀಯ ಚಿತ್ರ ಕೊಡುತ್ತದೆ ಎಂದು ಮೆಟಾ ಉತ್ತರಿಸಿತು. ಇರಬಹುದು. ನನ್ನನ್ನು ಕಾಡಿದ್ದು ಆ ಮೊತ್ತಕ್ಕಿಂತ ಹೆಚ್ಚಾಗಿ ಇನ್ನೊಂದು ವಿವರ: ಜಾಹೀರಾತುದಾರ ವಂಚಕನೆಂದು ಶೇ 95ರಷ್ಟು ಖಾತ್ರಿಯಾದರೆ ಮಾತ್ರ ಅವನನ್ನು ಹೊರಹಾಕಲಾಗುತ್ತಿತ್ತು, ಅನುಮಾನ ಬಲವಾಗಿದ್ದರೂ ಅಷ್ಟು ಖಾತ್ರಿಯಿಲ್ಲದಿದ್ದರೆ ಅವನಿಂದ ಹೆಚ್ಚಿನ ದರ ವಸೂಲಿ ಮಾಡಲಾಗುತ್ತಿತ್ತು. ದರ ಏರಿದರೆ ಅವನು ಹಿಂಜರಿಯಲಿ ಎಂಬುದು ಉದ್ದೇಶವಂತೆ. ಕಳ್ಳನಿರಬಹುದೆಂದು ಅನುಮಾನ ಬಂದವನಿಗೆ ಅಂಗಡಿ ಮಳಿಗೆಯನ್ನು ದುಬಾರಿ ಬಾಡಿಗೆಗೆ ಕೊಟ್ಟು, ಇದೇ ಅವನಿಗೆ ಶಿಕ್ಷೆ ಎಂದು ಮಾಲೀಕ ಹೇಳಿದರೆ ಯಾರು ಒಪ್ಪುತ್ತಾರೆ? ಸಾಲದ್ದಕ್ಕೆ, ಇಂಥ ಜಾಹೀರಾತನ್ನು ಒಮ್ಮೆ ಒತ್ತಿದವರಿಗೆ ಅವರ ‘ಆಸಕ್ತಿ’ ನೋಡಿಕೊಂಡು ಮತ್ತಷ್ಟು ಅಂಥವನ್ನೇ ತೋರಿಸುವ ಸಾಧ್ಯತೆಯಿತ್ತೆಂದೂ ಅದೇ ದಾಖಲೆಗಳು ಹೇಳುತ್ತವೆ. ಒಮ್ಮೆ ಮೋಸಹೋದವರು ಮತ್ತೆ ಮೋಸಹೋಗುವುದನ್ನು ಅವರ ದಡ್ಡತನವೆಂದು ಹಗುರವಾಗಿ ಆಡುವವರು ಇದನ್ನು ಗಮನಿಸಬೇಕು.

ಬಳಕೆದಾರರು ಹಾಕಿದ್ದಕ್ಕೆ ತಾವು ಹೊಣೆಯಲ್ಲ ಎಂಬುದು ಈ ಕಂಪನಿಗಳ ಹಳೆಯ ವಾದ. ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಕಲಂ ಅವರಿಗೆ ಆ ರಕ್ಷಣೆ ಕೊಡುತ್ತದೆ. ಕೋಟ್ಯಂತರ ಜನ ಬರೆಯುವ ಪೋಸ್ಟ್‌ಗಳ ಮಟ್ಟಿಗೆ ಅದು ಅಗತ್ಯವೂ ಹೌದು, ಇಲ್ಲದಿದ್ದರೆ ಯಾರ ಟೀಕೆಯೂ ಜಾಲದಲ್ಲಿ ಉಳಿಯಲಾರದು. ಆದರೆ ಸಂದೇಶ ಯಾರಿಗೆ ತಲುಪಬೇಕೆಂದು ಮಧ್ಯವರ್ತಿ, ಅಂದರೆ ಇಂಥ ಜಾಲತಾಣ, ತಾನೇ ಆರಿಸಬಾರದು ಎಂಬ ಮಾತೂ ಅದೇ ಕಲಮಿನಲ್ಲಿದೆ. ಜಾಹೀರಾತಿನ ವ್ಯಾಪಾರವೆಂದರೆ ಯಾರಿಗೆ ತಲುಪಬೇಕೆಂದು ಆರಿಸುವುದೇ ಅಲ್ಲವೇ? ಜಾಹೀರಾತು ವಹಿವಾಟಿನಲ್ಲಿ ಗೂಗಲ್ ಬರೀ ಮೂಕಪ್ರೇಕ್ಷಕನಲ್ಲ, ಸಕ್ರಿಯ ಪಾಲುದಾರ ಎಂಬ ನಿಲುವನ್ನು ದೆಹಲಿ ಹೈಕೋರ್ಟ್ 2023ರಲ್ಲಿ ಒಂದು ಟ್ರೇಡ್‌ಮಾರ್ಕ್ ಪ್ರಕರಣದಲ್ಲಿ ತಾಳಿತ್ತು. ಈ ನಿಲುವನ್ನು ಡೀಪ್‌ಫೇಕ್ (ಕಂಪ್ಯೂಟರ್‌ನಿಂದ ಮುಖ, ದನಿ ನಕಲು ಮಾಡಿದ) ಜಾಹೀರಾತುಗಳಿಗೂ ವಿಸ್ತರಿಸಬೇಕೆಂಬುದು ನನ್ನ ಅಭಿಪ್ರಾಯ.

ಜಾಹೀರಾತುದಾರರ ಗುರುತು ಪರಿಶೀಲಿಸುವುದು ಆಗದ ಮಾತೂ ಅಲ್ಲ. 2019ರ ಲೋಕಸಭಾ ಚುನಾವಣೆಗೆ ಮುನ್ನವೇ ಫೇಸ್‌ಬುಕ್ ಭಾರತದಲ್ಲಿ ರಾಜಕೀಯ ಜಾಹೀರಾತು ಕೊಡುವವರ ಗುರುತು ಕೇಳಲು ಆರಂಭಿಸಿತ್ತು. ಷೇರುಪೇಟೆಯ ಜಾಹೀರಾತು ಕೊಡುವ ನೋಂದಾಯಿತ ಸಂಸ್ಥೆಗಳು ಪರಿಶೀಲನೆಗೆ ಒಳಪಡಬೇಕೆಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2025ರಲ್ಲಿ ಹೇಳಿದ ಮೇಲೆ ಅದಕ್ಕೂ ವ್ಯವಸ್ಥೆಯಾಯಿತು. ತೊಡಕೆಂದರೆ, ವಂಚಕ ತನ್ನದು ಹೂಡಿಕೆಯ ಜಾಹೀರಾತೆಂದು ಹೇಳಿಕೊಳ್ಳುವುದೇ ಇಲ್ಲ. ಮೈಸೂರಿನಲ್ಲಿ ಹುಟ್ಟಿ ಬೆಳೆದ ಸದ್ಗುರು ಬಂಧನವಾಯಿತೆಂಬ ನಕಲಿ ಚಿತ್ರಗಳ ಜಾಹೀರಾತುಗಳು ಯೂಟ್ಯೂಬಿನಲ್ಲಿ ಸುದ್ದಿಯ ವೇಷದಲ್ಲೇ ಬಂದವು. ಅವು ನ್ಯಾಯಾಲಯದ ಆದೇಶದ ನಂತರವೂ ಬರುತ್ತಲೇ ಇದ್ದುದರಿಂದ, ತಂತ್ರಜ್ಞಾನ ಬಳಸಿ ಅವನ್ನು ತಡೆಯುವಂತೆ ದೆಹಲಿ ಹೈಕೋರ್ಟ್ 2025ರ ಅಕ್ಟೋಬರ್‌ನಲ್ಲಿ ಗೂಗಲ್‌ಗೆ ಹೇಳಬೇಕಾಯಿತು. ಆದ್ದರಿಂದ ಒಂದು ವಿಭಾಗಕ್ಕೆ ಬೇಲಿ ಹಾಕಿ ಉಳಿದದ್ದನ್ನು ಬಯಲಿಗೆ ಬಿಟ್ಟರೆ ಸಾಲದು, ದುಡ್ಡು ಕೊಟ್ಟು ಜಾಹೀರಾತು ಹಾಕುವ ಪ್ರತಿಯೊಬ್ಬರ ಗುರುತನ್ನೂ ಕೇಳಬೇಕು. ಇದರಿಂದ ಸಣ್ಣ ವ್ಯಾಪಾರಿಗಳಿಗೆ ಒಂದೆರಡು ದಿನ ತಡವಾದೀತು, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಅಲ್ಲಿಯವರೆಗೆ ಕೇಳಿದವರಿಗೆಲ್ಲ ನಾನು ಹೇಳುತ್ತಿರುವುದು ಇಷ್ಟು. ಹಣ ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಜೊತೆಗೇ ಬ್ಯಾಂಕಿಗೂ ತಿಳಿಸಿ. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಹಾರಿ ಹಿಡಿಯಲಾಗದಂತಾಗುತ್ತದೆ. ಜಾಹೀರಾತು ಇನ್ನೂ ಪರದೆಯ ಮೇಲಿದ್ದರೆ ಮೂಲೆಯ ಮೂರು ಚುಕ್ಕೆ ಒತ್ತಿ, ಯಾರ ಹೆಸರಿನಲ್ಲಿ ಅದು ಬಂದಿದೆ ಎಂಬುದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಏಕೆಂದರೆ ನಾಳೆ ಅದು ಅಲ್ಲಿರುವ ಖಾತ್ರಿಯಿಲ್ಲ. ಸೈಬರ್ ಠಾಣೆಯಲ್ಲಿ ದೂರು ಬರೆಯುವಾಗ ಹಣ ಪಡೆದ ಖಾತೆಯ ಸಂಖ್ಯೆಯ ಜೊತೆಗೆ ಆ ಜಾಹೀರಾತನ್ನು ತೋರಿಸಿದ ಕಂಪನಿಯ ಹೆಸರನ್ನೂ ಸೇರಿಸಿ, ಅದಕ್ಕೆ ದುಡ್ಡು ಕಟ್ಟಿದವರು ಯಾರೆಂದು ಆ ಕಂಪನಿಯಿಂದ ಕೇಳಿ ಪಡೆಯಬೇಕೆಂದು ಬರವಣಿಗೆಯಲ್ಲೇ ಕೋರಿ.