ಹಲಸಿನ ಹುಡಿಯ ಹಳದಿ

ಬೆಂಗಳೂರಲ್ಲಿರುವ ತಂಗಿಯ ಮಗುವಿಗೆ ಸ್ವೆಟರ್ ಹೆಣೆಯುವುದು ಅಂತ ಆದಾಗ, ದಾರಕ್ಕೆ ಬಣ್ಣವನ್ನೂ ಮನೆಯಲ್ಲೇ ಹಾಕಬೇಕು ಅಂತ ನನಗೆ ಆಸೆಯಾಯಿತು. "ಹಳದಿಗೆ ಅರಸಿನ ಇದೆಯಲ್ವಾ, ಮತ್ತೆಂತ ಹುಡುಕುವುದು?" ಅಂದರು ಅತ್ತೆ. ಅರಸಿನ ಬೇಗ ಹತ್ತುತ್ತದೆ, ನಿಜ. ಬಿಸಿಲಿಗೆ ಅಷ್ಟೇ ಬೇಗ ಹೋಗಿಯೂ ಬಿಡುತ್ತದೆ. ಅದಕ್ಕಿಂತ ಗಟ್ಟಿ ಹಳದಿ ಹಲಸಿನ ಮರದ ತಿರುಳಲ್ಲಿದೆ. ಬರ್ಮಾ, ಥಾಯ್ಲೆಂಡ್ ಕಡೆಯ ಬೌದ್ಧ ಭಿಕ್ಷುಗಳು ತಮ್ಮ ವಸ್ತ್ರಕ್ಕೆ ಹಾಕುತ್ತಿದ್ದ ಬಣ್ಣ ಇದೇ.

ಬದಿಯಡ್ಕದ ಹತ್ತಿರ ಒಂದು ಮರದ ಮಿಲ್ಲಿಗೆ ಹೋದೆ. "ಒಲೆಗಾ ಅಕ್ಕ?" ಅಂತ ಅಲ್ಲಿಯ ಹುಡುಗ ಕೇಳಿದ. ಹಲಸಿನ ತಿರುಳಿನ ಹುಡಿ ಮಾತ್ರ ಬೇಕು, ಬೇರೆ ಮರದ್ದು ಸೇರಬಾರದು ಅಂದೆ. ಗರಗಸದ ಅಡಿಯಿಂದ ಚೀಲ ತುಂಬಿಸಿ ಕೊಟ್ಟ. ಒಣ ಹುಡಿಯೇ ಕೈಗೆ ಹಳದಿ ಹತ್ತುತ್ತಿತ್ತು.

ದಾರದ ವಿಷಯ ಒಂದು ಹೇಳಲೇಬೇಕು. ಅಂಗಡಿಯಲ್ಲಿ ಉಲ್ಲನ್ ಅಂತ ಕೊಡುವುದರಲ್ಲಿ ಅಕ್ರಿಲಿಕ್ಕೇ ಜಾಸ್ತಿ. ಅದಕ್ಕೆ ಗಿಡಮರದ ಬಣ್ಣ ಹಿಡಿಯುವುದಿಲ್ಲ. ಒಂದು ತುಂಡು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಹುಡಿಯಾದರೆ ಕುರಿಯ ಉಣ್ಣೆ. ಕರಗಿ ಗಟ್ಟಿ ಉಂಡೆಯಾದರೆ ಅಕ್ರಿಲಿಕ್.

ನನಗೆ ಹೆಚ್ಚು ಯೋಚನೆ ಇದ್ದದ್ದು ನೀರಿನದ್ದು. ನಮ್ಮದು ಮುರಕಲ್ಲಿನ ನೆಲ, ಕಬ್ಬಿಣದ ಅಂಶವಿರುವ ಕೆಂಪು ಕಲ್ಲಿನದ್ದು. ಬೋರಿನ ನೀರು ತುಂಬಿಟ್ಟ ಬಕೆಟ್ಟಿನ ಅಡಿಯಲ್ಲಿ ಕೆಂಪಗೆ ಕೂತಿರುತ್ತದೆ, ಅದು ಕಬ್ಬಿಣ. ಕಬ್ಬಿಣ ತಾಗಿದರೆ ಹಳದಿ ಮಂಕಾಗಿ ಪಾಚಿ ಬಣ್ಣಕ್ಕೆ ತಿರುಗುತ್ತದೆ. ಆಟಿ ತಿಂಗಳು, ಮಳೆಗೇನು ಕಮ್ಮಿ? ಮಾಡಿನಿಂದ ಇಳಿಯುವ ನೀರನ್ನೇ ಹಿಡಿದು ಸೋಸಿಕೊಂಡೆ. ಪಾತ್ರೆ ಸ್ಟೀಲಿನದ್ದೇ ತೆಗೆದುಕೊಂಡೆ.

100 ಗ್ರಾಂ ದಾರಕ್ಕೆ 15 ಗ್ರಾಂ ಪಟಿಕ. ಬಣ್ಣ ಎಳೆಗೆ ಕಚ್ಚಿಕೊಳ್ಳುವುದು ಅದರಿಂದ. ಪಟಿಕದ ನೀರಲ್ಲಿ ಒಂದು ಗಂಟೆ ಸಣ್ಣ ಉರಿಯಲ್ಲಿಟ್ಟು, ಅದರಲ್ಲೇ ಆರಲು ಬಿಟ್ಟೆ. ಹುಡಿಯನ್ನು ಬಟ್ಟೆಯಲ್ಲಿ ಗಂಟುಕಟ್ಟಿ ರಾತ್ರಿಯೆಲ್ಲ ನೆನೆಸಿ, ಬೆಳಿಗ್ಗೆ ಕುದಿಸಿದೆ. ಆ ನೀರು ಉಗುರುಬೆಚ್ಚಗಾದ ಮೇಲೆಯೇ ದಾರ ಇಳಿಸಿದ್ದು. ಉಣ್ಣೆಯ ಎಳೆಯ ಮೇಲೆ ಕಣ್ಣಿಗೆ ಕಾಣದ ಹುರುಪೆಗಳಿರುತ್ತವೆ. ಸಟ್ಟನೆ ಬಿಸಿಯೋ ತಣ್ಣೀರೋ ತಾಗಿ, ಮೇಲಿಂದ ತಿಕ್ಕಿದರಂತೂ ಒಂದಕ್ಕೊಂದು ಸಿಕ್ಕಿಕೊಂಡು ಜಡೆಗಟ್ಟುತ್ತದೆ. ಆಮೇಲೆ ಬಿಡಿಸಲಿಕ್ಕಾಗುವುದಿಲ್ಲ. ಹಾಗಾಗಿ ಸೌದೆ ಹಿಂದಕ್ಕೆಳೆದು, ಕುದಿ ಬಾರದ ಹಾಗೆ ಒಲೆಯ ಹತ್ತಿರವೇ ಕೂತೆ. ಕಲಕಲಿಲ್ಲ, ಮರದ ಸೌಟಿನಲ್ಲಿ ಮೆಲ್ಲಗೆ ಒತ್ತಿದೆ ಅಷ್ಟೇ. ಮೊದಲು ಬೈಹುಲ್ಲಿನ ಬಣ್ಣ. ಅರ್ಧ ಗಂಟೆಯಲ್ಲಿ ಎಳೆಯ ಒಳಗಿನಿಂದಲೇ ಹಳದಿ ಏರಿತು. ದಾರದ ಸುರುಳಿಗೆ, ಅಂದರೆ ಲಡಿಗೆ, ಕಟ್ಟಿದ ಗಂಟು ಸರಿಸಿ ನೋಡಿದೆ, ಅದರಡಿಯೂ ಬಿಳಿ ಉಳಿದಿರಲಿಲ್ಲ. ಗಂಟು ಸಡಿಲ ಬಿಡಬೇಕಾದ್ದು ಅದಕ್ಕೇ.

ಅತ್ತೆ ಬಂದು ಎತ್ತಿ ನೋಡಿದರು. "ತುಳುವ ಹಲಸಿನ ಸೊಳೆಯದ್ದೇ ಬಣ್ಣ ಅಲ್ವಾ!" ಅಂದರು. ಉಳಿದ ನೀರನ್ನು ಚೆಲ್ಲಲು ಬಿಡಲಿಲ್ಲ. ಅದರಲ್ಲಿ ಇನ್ನೊಂದು ಲಡಿ ಹಾಕಿದೆವು, ತಿಳಿ ಹಳದಿ ಬಂತು. ಆ ಮಳೆಯಲ್ಲಿ ಎರಡೂ ಜಗಲಿಯಲ್ಲಿ ಒಣಗಲು ದಿನಗಳೇ ಹಿಡಿದವು. ಈಗ ಗಾಢದ್ದರಲ್ಲಿ ಮೈ ಹೆಣೆಯುತ್ತಿದ್ದೇನೆ. ತೋಳು ತಿಳಿಯದ್ದರಲ್ಲಿ.